ಅಟ್ಟಕ್ಕೆ ಹಾಕಿದ ಕಾಯಿ

ತೋಂಟದಾರ್ಯನಿಗೆ ಕೋಪ ಮೂಗಿನ ತುದಿಯಲ್ಲಿ ಎಂದು ಊರವರು ಹೇಳುತ್ತಾರೆ. ತಪ್ಪು. ಮೂಗಿನ ತನಕ ಹೋಗುವಷ್ಟು ಪುರುಸೊತ್ತು ಅದಕ್ಕೆಲ್ಲಿ, ನಾಲಿಗೆಯ ಮೇಲೇ ಕೂತಿರುತ್ತದೆ. ಮೇ ಎಂಟನೇ ತಾರೀಖು ಗುರುವಾರ ಬೆಳಿಗ್ಗೆ ಅವನು ತಾನು ನೋಡಿಕೊಳ್ಳುವ ಮಕ್ಕಳ ಮನೆಯ ಟೀವಿ ವೈರನ್ನು ಗೋಡೆಯಿಂದ ಕಿತ್ತು, ಸುತ್ತಿ, ಒಲೆ ಮುಂದೆ ರಾಗಿ ರೊಟ್ಟಿ ತಟ್ಟುತ್ತಿದ್ದ ಅಡುಗೆಯ ಪುಟ್ಟಗಂಗಮ್ಮನ ಪಕ್ಕಕ್ಕೆ ಎಸೆದು, ಇದನ್ನು ಹಿಟ್ಟಿನ ಡಬ್ಬದೊಳಗೆ ಹೂತಿಡು, ನಾನೇ ಬಂದು ಕೇಳಿದರೂ ಕೊಡಬೇಡ ಎಂದ.

ಹಿಂದಿನ ದಿನದಿಂದ ಟೀವಿಯ ತುಂಬ ಯುದ್ಧ. ಗಡಿಯಲ್ಲಿ ನಡೆಯುತ್ತಿದ್ದುದು ಎಷ್ಟೋ, ಟೀವಿಯವರು ಕೂಗುತ್ತಿದ್ದುದು ಎಷ್ಟೋ. ಎರಡು ಮಾತಿಗೊಂದು ಸಲ ಸೈರನ್ ಬೇರೆ ಊದುತ್ತಿದ್ದರು. ತಿಪಟೂರಿನ ತೆಂಗಿನ ತೋಟದ ನಡುವೆ ಕೂತ ಆರು ವರ್ಷದ ಮಕ್ಕಳಿಗೆ ಸೈರನ್ ಟೀವಿಯೊಳಗಿನದೋ ಅಂಗಳದ್ದೋ ಹೇಗೆ ಗೊತ್ತಾಗಬೇಕು? ಬುಧವಾರ ಒಂದೇ ದಿನ ಮೂರು ಮಕ್ಕಳು ಹಾಸಿಗೆ ಒದ್ದೆ ಮಾಡಿಕೊಂಡಿದ್ದವು. ಆ ಮೂರು ಚಾಪೆ ಒಗೆದು ಬಿಸಿಲಿಗೆ ಹಾಕಿದ ಮೇಲೆಯೇ ತೋಂಟದಾರ್ಯ ವೈರಿಗೆ ಕೈ ಹಾಕಿದ್ದು.

ಆ ಮನೆ ಇರುವುದು ತಿಪಟೂರಿನಿಂದ ತುರುವೇಕೆರೆಗೆ ಹೋಗುವ ರಸ್ತೆಯಲ್ಲಿ ಎಡಕ್ಕೆ ಹೊರಳಿ ಎರಡು ತೋಟ ದಾಟಿದ ಮೇಲೆ. ಉದ್ದನೆಯ ಹೆಂಚಿನ ಕಟ್ಟಡ, ಹಿಂದೆ ನೂರಿಪ್ಪತ್ತು ತೆಂಗಿನ ಮರ, ಪಕ್ಕದಲ್ಲಿ ಕಾಯಿ ಹಾಕುವ ಅಟ್ಟದ ಕೊಠಡಿ. ತಾಯಿಯಿಲ್ಲದವು, ತಂದೆಯಿಲ್ಲದವು, ಇಬ್ಬರೂ ಇದ್ದೂ ಇಲ್ಲದವು, ಎಲ್ಲ ಸೇರಿ ಮೂವತ್ತನಾಲ್ಕು ಮಕ್ಕಳು ಅಲ್ಲಿ ಉಂಡು ಮಲಗಿ ಊರಿನ ಶಾಲೆಗೆ ಹೋಗಿಬರುತ್ತವೆ. ಬೇಸಿಗೆ ರಜೆಗೆ ಇಪ್ಪತ್ತೇಳು ಮಕ್ಕಳು ಅತ್ತೆ ಮನೆ, ಮಾವನ ಮನೆ ಅಂತ ಹೋಗಿದ್ದವು. ಉಳಿದದ್ದು ಏಳು. ಕರೆದುಕೊಂಡು ಹೋಗುವವರು ಇಲ್ಲದ ಏಳು.

ತೋಂಟದಾರ್ಯ ಆ ಮನೆಯ ಮೇಲ್ವಿಚಾರಕ. ವಯಸ್ಸು ಅರವತ್ತೊಂದು. ಯಾವ ಶಾಲೆಯಲ್ಲೂ ಒಂದು ದಿನ ಪಾಠ ಹೇಳಿದವನಲ್ಲ, ಆದರೂ ದೊಡ್ಡವರಿಗೆ ಮೇಷ್ಟ್ರು, ಮಕ್ಕಳಿಗೆ ತಾತ. ಅವನಿಗಿಂತ ಮುಂಚೆ ಆ ಕುರ್ಚಿಯಲ್ಲಿ ಕೂತಿದ್ದ ಸದಾಶಿವಯ್ಯನವರು ನಿಜವಾದ ಮೇಷ್ಟ್ರು. ಹೆಸರು ಕುರ್ಚಿಯ ಜೊತೆ ಬಂತು. ತೋಂಟದಾರ್ಯ ಆ ಮನೆಗೆ ಬಂದದ್ದು ಏಳನೇ ವಯಸ್ಸಿನಲ್ಲಿ, ಎಪ್ಪತ್ತೊಂದನೇ ಇಸವಿಯ ಶ್ರಾವಣದಲ್ಲಿ, ಅಪ್ಪನ ಹೆಗಲ ಮೇಲೆ. ಆಮೇಲೆ ಅಲ್ಲಿಂದ ಹೋಗಲೇ ಇಲ್ಲ.

ಉಳಿದ ಏಳು ಮಕ್ಕಳಲ್ಲಿ ಒಬ್ಬಳು ವರ್ಷಿಣಿ. ಒಂಬತ್ತು ವರ್ಷ. ಹಂದನಕೆರೆ ಕಡೆಯವಳು. ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ಇದ್ದೊಬ್ಬ ಅಜ್ಜಿಗೆ ಕಣ್ಣು ಕಾಣದು. ಅಪ್ಪ ಜ್ಞಾನೇಶ್ ಗಡಿ ಕಾಯುವ ಪಡೆಯಲ್ಲಿ ಜವಾನ, ಜಮ್ಮು ಕಡೆ. ಹೋದ ವರ್ಷ ಜುಲೈನಲ್ಲಿ ಮಗಳನ್ನು ಕರೆತಂದು ಬಿಟ್ಟವನು, ಹೊರಡುವ ಮುಂಚೆ ಚೀಲದಿಂದ ಒಂದು ತೆಂಗಿನಕಾಯಿ ತೆಗೆದ. ಅದನ್ನು ನೋಡಿದ್ದೇ ತೋಂಟದಾರ್ಯ ರೇಗಿದ.

ಯಾಕೆ ಅಂತ ಹೇಳಬೇಕು. ಈ ಸೀಮೆಯಲ್ಲಿ ಬಲಿತ ಕಾಯಿಯನ್ನು ಕೆಡವಿದ ಕೂಡಲೇ ಒಡೆಯುವುದಿಲ್ಲ. ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಅದರ ಪಾಡಿಗೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಬತ್ತುತ್ತದೆ. ಮೊದಮೊದಲು ಅಲ್ಲಾಡಿಸಿದರೆ ಕುಳುಕುಳು ಅನ್ನುತ್ತದೆ. ಆಮೇಲೆ ಒಂದೆರಡು ತಿಂಗಳು ಏನೂ ಅನ್ನುವುದಿಲ್ಲ, ಮೂಗಬಸವ. ಕೊನೆಗೊಂದು ದಿನ ಕೊಬ್ಬರಿ ಕರಟ ಬಿಟ್ಟು ಒಳಗೊಳಗೇ ಉರುಳಿ ಲೊಡಲೊಡ ಅನ್ನುತ್ತದೆ. ಆಗ ಉಂಡೆ ಕೊಬ್ಬರಿ ಆಯಿತು ಎಂದು ಲೆಕ್ಕ. ಮಕ್ಕಳ ಮನೆಯ ಹಳೇ ಪದ್ಧತಿ ಹುಟ್ಟಿದ್ದು ಇದರಿಂದಲೇ. ಮಗುವನ್ನು ಬಿಟ್ಟು ಹೋಗುವವರು ತಮ್ಮ ತೋಟದ ಒಂದು ಕಾಯಿ ತಂದು, ಗುರುತು ಮಾಡಿ, ಅಟ್ಟದ ಮೂಲೆಗೆ ಹಾಕಿ ಹೋಗಬೇಕು. ಅದು ಲೊಡಲೊಡ ಅನ್ನುವ ಹೊತ್ತಿಗೆ ಬಂದು, ಮಗುವಿನ ಕೈಯಲ್ಲೇ ಒಡೆಸಿ, ಕೊಬ್ಬರಿ ಬೆಲ್ಲ ತಿನ್ನಿಸಿ ಹೋಗಬೇಕು. ಬಿಟ್ಟು ಹೋದವರು ವರ್ಷಕ್ಕೊಂದು ಸಲವಾದರೂ ಇತ್ತ ತಲೆ ಹಾಕಲಿ ಎಂದು ಯಾರೋ ಹಿರಿಯರು ಹೂಡಿದ ಉಪಾಯ. ಒಳ್ಳೆಯ ಉಪಾಯವೇ. ಆದರೆ ತೋಂಟದಾರ್ಯ ಮೇಲ್ವಿಚಾರಕನಾದ ಮಾರನೇ ದಿನವೇ ಅದನ್ನು ನಿಲ್ಲಿಸಿದ್ದ. ಮಕ್ಕಳಿಗೆ ಕಾಯಿ ತೋರಿಸಿ ಆಸೆ ಹುಟ್ಟಿಸುವುದು ಬೇಡ, ಬರುವವರು ಬರಲಿ, ಬಾರದವರು ಸಾಯಲಿ ಎಂದಿದ್ದ.

ಜ್ಞಾನೇಶ್‌ಗೂ ಅದನ್ನೇ ಹೇಳಿದ, ಇನ್ನೂ ಒರಟಾಗಿ. ಆ ಹುಡುಗ ನಕ್ಕುಬಿಟ್ಟ. "ಇರ್ಲಿ ಬುಡಿ ಮೇಷ್ಟ್ರೇ, ಒಂದು ಕಾಯಿ ತಾನೆ. ನಮ್ಮವ್ವ ಹೇಳ್ಕೊಟ್ಟದ್ದು," ಎಂದು ತನ್ನ ಬೂಟಿನ ಹಳೇ ಕಪ್ಪು ಲಾಡಿಯನ್ನು ಕಾಯಿಯ ಸೊಂಟಕ್ಕೆ ಸುತ್ತಿ, ಗಂಟು ಹಾಕಿ, ಮಗಳನ್ನು ಏಣಿ ಹತ್ತಿಸಿ ಅವಳ ಕೈಯಿಂದಲೇ ಮೂಲೆಗೆ ಇಡಿಸಿದ. ಇದು ಲೊಡಲೊಡ ಅನ್ನೋ ಹೊತ್ತಿಗೆ ಬತ್ತೀನಿ ಎಂದ.

ಅದೇ ಮಾತು. ಐವತ್ತಮೂರು ವರ್ಷದ ಹಿಂದೆ ಅದೇ ಏಣಿಯ ಕೆಳಗೆ ನಿಂತು ತನ್ನ ಅಪ್ಪ ಹೇಳಿದ ಅದೇ ಮಾತು. ತೋಂಟದಾರ್ಯ ಬೈಯುವುದನ್ನು ಬಿಟ್ಟು ತೋಟದ ಕಡೆ ನಡೆದ.

ಅವನ ಅಪ್ಪ ಮಿಲಿಟರಿ ಲಾರಿ ಡ್ರೈವರು. ಕಾಯಿಯ ತೊಟ್ಟಿನ ಹತ್ತಿರ ಮಚ್ಚಿನಿಂದ ಮೂರು ಗೀರು ಹಾಕಿ ಅಟ್ಟಕ್ಕಿಟ್ಟು ಹೋದ. ಚಳಿಗಾಲದಲ್ಲಿ ಯುದ್ಧ ಬಂತು. ಈಗಿನಂತೆ ಯುದ್ಧ ಮನೆಯೊಳಗೆ ಬಂದು ಕಿರುಚುತ್ತಿರಲಿಲ್ಲ. ಸದಾಶಿವಯ್ಯನವರ ಹತ್ತಿರ ಒಂದು ರೇಡಿಯೋ ಇತ್ತು, ಹೊಟ್ಟೆಯಲ್ಲಿ ಇಟ್ಟಿಗೆಯಷ್ಟು ದೊಡ್ಡ ಬ್ಯಾಟರಿ. ಬೆಳಿಗ್ಗೆ ವಾರ್ತೆಯ ಹೊತ್ತಿಗೆ ಒಂದು ಸಲ ಹಾಕುತ್ತಿದ್ದರು. ಮಕ್ಕಳು ಕೈ ಕಟ್ಟಿ ಸುತ್ತ ಕೂರುತ್ತಿದ್ದವು. ವಾರ್ತೆ ಮುಗಿದ ಕೂಡಲೇ ಕಿವಿ ಹಿಂಡಿ ಆರಿಸಿ, ಅದಕ್ಕೊಂದು ಟವಲು ಹೊದಿಸಿ, "ದಿಲ್ಲಿಯೋರು ಅವರ ಕೆಲಸ ಹೇಳಿದ್ರು. ಈಗ ನಮ್ಮ ಕೆಲಸ ನೋಡಾನ ಬನ್ರಲಾ," ಎನ್ನುತ್ತಿದ್ದರು.

ಕೆಲಸವೆಂದರೆ ಎಂಥ ಕೆಲಸ! ಆ ವರ್ಷದ ಕೊಬ್ಬರಿಯನ್ನೆಲ್ಲ ಮಕ್ಕಳೇ ಹಸನು ಮಾಡಿ ಜವಾನರಿಗೆ ಕಳಿಸಬೇಕೆಂದು ಅವರು ಠರಾವು ಮಾಡಿದ್ದರು. ದೊಡ್ಡ ಹುಡುಗರು ಕಾಯಿ ಸುಲಿದರು. ಚಿಕ್ಕವರು ಕರಟದ ಚೂರು ಆರಿಸಿದರು. ಅಂಗಳದ ತುಂಬ ಸಿಪ್ಪೆಯ ಧೂಳು, ಎಣ್ಣೆಯ ವಾಸನೆ, ಬೆರಳೆಲ್ಲ ಜಿಡ್ಡು. ಜಿಡ್ಡಿನ ಬೆರಳನ್ನು ತಲೆಗೆ ಒರೆಸಿಕೊಂಡರೆ ಎಣ್ಣೆಸ್ನಾನ ಉಳಿಯಿತು ಎಂದು ಮೇಷ್ಟ್ರು ನಗಿಸುತ್ತಿದ್ದರು. ಗೋಣಿಯ ಬಾಯಿ ಹೊಲಿಯುವ ಮುಂಚೆ ಒಬ್ಬೊಬ್ಬ ಹುಡುಗನೂ ಒಂದೊಂದು ಚೀಟಿ ಹಾಕಿದ. ತೋಂಟದಾರ್ಯನಿಗೆ ಇನ್ನೂ ಒತ್ತಕ್ಷರ ಬರುತ್ತಿರಲಿಲ್ಲ. ಒಂದು ಲಾರಿಯ ಚಿತ್ರ ಬರೆದು ಹಾಕಿದ. ಅದು ನೇರ ತನ್ನಪ್ಪನ ಕೈಗೇ ಹೋಗುತ್ತದೆ ಎಂದು ನಂಬಿದ್ದ. ಅಷ್ಟು ಸುಖವಾಗಿ ಅವನು ಆಮೇಲೆ ಯಾವತ್ತೂ ಏನನ್ನೂ ನಂಬಿದ್ದಿಲ್ಲ. ಈಗಲೂ ಹೊಸ ಗೋಣಿಯ ವಾಸನೆ ಮೂಗಿಗೆ ಬಡಿದರೆ ಅವನು ಒಂದು ಗಳಿಗೆ ಏಳು ವರ್ಷದವನಾಗುತ್ತಾನೆ. ಆಗ ಎದುರಿಗೆ ಸಿಕ್ಕವರಿಗೆ ಬೈಗುಳ ತಪ್ಪುತ್ತದೆ.

ಯುದ್ಧ ಹದಿನೈದು ದಿನದೊಳಗೆ ಮುಗಿಯಿತು. ಅಪ್ಪ ಬರಲಿಲ್ಲ. ತೋಂಟದಾರ್ಯ ಪ್ರತಿ ಭಾನುವಾರ ಅಟ್ಟ ಹತ್ತಿ ಮೂರು ಗೀರಿನ ಕಾಯಿಯನ್ನು ಅಲ್ಲಾಡಿಸುತ್ತಿದ್ದ. ಸದಾಶಿವಯ್ಯನವರು ಕೆಳಗೆ ಏಣಿ ಹಿಡಿದು ನಿಲ್ಲುತ್ತಿದ್ದರು. ಕುಳುಕುಳು. ಇನ್ನೂ ನೀರಿದೆ, ಇನ್ನೂ ಹೊತ್ತಿದೆ. ಯುಗಾದಿ ಹೋಯಿತು, ಇನ್ನೊಂದು ಯುಗಾದಿ ಬಂತು, ಮತ್ತೂ ಒಂದು. ಪಕ್ಕದ ಕಾಯಿಗಳೆಲ್ಲ ಕೊಬ್ಬರಿಯಾಗಿ ಪೇಟೆಗೆ ಹೋದವು, ಇವನ ಕಾಯಿಯ ನೀರು ಮಾತ್ರ ಬತ್ತಲಿಲ್ಲ. ತೆಂಗಿನ ಸೀಮೆಯ ಹುಡುಗನಿಗೆ ಇದು ತಿಳಿಯದ್ದಲ್ಲ. ತಿಳಿದುಕೊಳ್ಳಲು ಮನಸ್ಸಿರಲಿಲ್ಲ. ಹತ್ತು ತುಂಬಿದ ವರ್ಷ ಒಂದು ಭಾನುವಾರ ಏಣಿಯ ಮೇಲಿಂದಲೇ ಕೇಳಿದ, ಮೂರು ವರ್ಷ ಯಾವ ಕಾಯಲ್ಲಿ ನೀರು ನಿಲ್ಲುತ್ತೆ ಮೇಷ್ಟ್ರೇ ಎಂದು.

ಅವರು ತಲೆ ತಗ್ಗಿಸಲಿಲ್ಲ. ಅವನನ್ನು ಕೆಳಗಿಳಿಸಿ, ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು. ಯುದ್ಧ ಮುಗಿದ ಮರುತಿಂಗಳೇ ತಂತಿ ಬಂದಿತ್ತು. ಅಪ್ಪ ಇಲ್ಲ. ಮಗು ಚಿಕ್ಕದು, ಸ್ವಲ್ಪ ಬಲಿಯಲಿ ಎಂದುಕೊಂಡರು. ಕಾಯಿ ಒಣಗುವ ಹೊತ್ತಿಗೆ ಬೇರೆ ಎಳೇ ಕಾಯಿಗೆ ಅದೇ ಮೂರು ಗೀರು ಹಾಕಿ ಅಲ್ಲಿಟ್ಟರು. ಅದು ಒಣಗುತ್ತ ಬಂದಾಗ ಮತ್ತೊಂದು. "ನೀನು ಕೇಳೋ ತನಕ ಬದಲಾಯಿಸ್ತಾ ಇದ್ದೆ ಕಣಪ್ಪ," ಎಂದರು. ಹುಡುಗ ಅವರ ಮುಂಗೈ ಕಚ್ಚಿದ. ಬಾಯಿಗೆ ರಕ್ತ ಬಂದರೂ ಬಿಡಲಿಲ್ಲ. ಅವರೂ ಕೈ ಎಳೆದುಕೊಳ್ಳಲಿಲ್ಲ. ಆಮೇಲೆ ಒಂದು ವರ್ಷ ಅವರ ಜೊತೆ ಮಾತು ಬಿಟ್ಟ. ಅವರು ತೀರಿಕೊಂಡಾಗ ಮೈ ತೊಳೆದವನು ಇವನೇ. ಮುಂಗೈಯ ಮೇಲೆ ಆ ಹಲ್ಲಿನ ಗುರುತು ಹಾಗೇ ಇತ್ತು. ಅವರ ಟ್ರಂಕಿನಲ್ಲಿ ಮೂರು ಗೀರಿನ ಕಾಯಿ ಇತ್ತು, ಅಪ್ಪ ಇಟ್ಟ ಅಸಲು ಕಾಯಿ. ಅದನ್ನು ತೋಂಟದಾರ್ಯ ತನ್ನ ಟ್ರಂಕಿಗೆ ಹಾಕಿಕೊಂಡ. ಒಡೆಯಲಿಲ್ಲ, ಬಿಸಾಡಲೂ ಇಲ್ಲ. ಮೇಷ್ಟ್ರನ್ನು ಎಲ್ಲದಕ್ಕೂ ಕ್ಷಮಿಸಿದ್ದ, ಆ ಸುಳ್ಳೊಂದಕ್ಕೆ ಇಲ್ಲ. ಮಕ್ಕಳಿಗೆ ಸುಳ್ಳು ಹೇಳಬಾರದು ಎನ್ನುವುದೊಂದೇ ಅವನು ಅಲ್ಲಿ ಹೊಸದಾಗಿ ತಂದ ಕಾನೂನು.

ಈಗ ಮತ್ತೆ ಯುದ್ಧ.

ಜ್ಞಾನೇಶ್ ಪ್ರತಿ ಭಾನುವಾರ ತಪ್ಪದೆ ಫೋನು ಮಾಡುತ್ತಿದ್ದ. ಮೇ ನಾಲ್ಕರಂದು ಮಾಡಿದಾಗ ಈ ತಿಂಗಳ ರಜೆ ಸಿಗುವುದು ಅನುಮಾನ ಎಂದಿದ್ದ. ಬುಧವಾರದಿಂದ ಅವನ ನಂಬರು ಹತ್ತುತ್ತಿರಲಿಲ್ಲ. ತೋಂಟದಾರ್ಯ ತೋಟದ ತುದಿಗೆ ಹೋಗಿ, ಸಿಗ್ನಲ್ ಚೆನ್ನಾಗಿರುವ ಬಾವಿಕಟ್ಟೆ ಹತ್ತಿ, ದಿನಕ್ಕೆ ಹತ್ತು ಸಲ ಒತ್ತುತ್ತಿದ್ದ. ಒಬ್ಬ ಹೆಂಗಸು ಹಿಂದಿಯಲ್ಲಿ ಏನೋ ಹೇಳುತ್ತಿದ್ದಳು. ಅವಳಿಗೆ ಅಚ್ಚ ಕನ್ನಡದಲ್ಲಿ ಬೈದು ಇಳಿಯುತ್ತಿದ್ದ.

ವರ್ಷಿಣಿ ಏನೂ ಕೇಳುತ್ತಿರಲಿಲ್ಲ. ಅದೇ ಕಷ್ಟವಾಗಿದ್ದು. ಹನ್ನೆರಡು ವರ್ಷದ ಮಧುಶ್ರೀ, ಬಾಯಿ ಸುಮ್ಮನಿರದವಳು, ನಿಮ್ಮಪ್ಪ ಬಾಂಬ್ ಹಾಕ್ತವ್ರಾ ಎಂದು ಕೇಳಿದರೂ, ನಮ್ಮಪ್ಪಂದು ಕಾಯೋ ಕೆಲಸ ಅಷ್ಟೇ ಎಂದು ರೊಟ್ಟಿ ಮುರಿದಳು. ಆದರೆ ಸಂಜೆಯಾದರೆ ಅಟ್ಟ. ಮೊದಲು ವಾರಕ್ಕೊಮ್ಮೆ ಹತ್ತುತ್ತಿದ್ದವಳು ಈಗ ದಿನಾ ಹತ್ತುತ್ತಾಳೆ, ಇಳಿದು ಬಂದು ಕೈಕಾಲು ತೊಳೆಯುತ್ತಾಳೆ.

ಶುಕ್ರವಾರ ಮಧ್ಯಾಹ್ನ ಮಕ್ಕಳು ಉಂಡು ಮಲಗಿದ್ದಾಗ ತೋಂಟದಾರ್ಯ ತಾನೇ ಅಟ್ಟ ಹತ್ತಿದ. ಕಾಯಿಗಳ ನಡುವೆ ಮೊಣಕಾಲೂರಿಕೊಂಡು ಮೂಲೆಗೆ ಹೋಗಿ, ಬೂಟಿನ ಲಾಡಿ ಕಟ್ಟಿದ ಕಾಯಿ ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

ಲೊಡಲೊಡ.

ಕೂತಲ್ಲೇ ಕೂತ. ಇವತ್ತು ಸಂಜೆ ಆ ಮಗು ಇದನ್ನು ಕೇಳಿಸಿಕೊಳ್ಳುತ್ತದೆ. ಅಪ್ಪ ಬರುತ್ತಾನೆ ಎಂದು ಗೇಟಿನ ಹತ್ತಿರ ಹೋಗಿ ಕೂರುತ್ತದೆ. ನಾಳೆಯೂ ಕೂರುತ್ತದೆ. ಗೇಟಿನ ಹತ್ತಿರ ಕೂತ ಮಗುವಿಗೆ ಊಟಕ್ಕೆ ಬಾ ಎಂದು ಹೇಳುವುದು ಎಂಥ ಕಷ್ಟ ಎಂದು ಅವನಿಗೆ ಗೊತ್ತು. ಅಲ್ಲಿ ಎಷ್ಟು ಮಕ್ಕಳು ಹಾಗೆ ಕೂತಿರುವುದನ್ನು ನೋಡಿದ್ದಾನೆ. ಅಪ್ಪ ಬದುಕಿದ್ದಾನೋ ಇಲ್ಲವೋ ದೇವರಿಗೇ ಗೊತ್ತು. ಒಂದು ವಾರ. ಒಂದು ವಾರ ತಳ್ಳಿದರೆ ಏನಾದರೊಂದು ಸುದ್ದಿ ಬರುತ್ತದೆ.

ಅವನು ಯೋಚನೆ ಮಾಡಿದ ಎನ್ನುವುದಕ್ಕಿಂತ ಅವನ ಕೈ ಮಾಡಿತು ಎನ್ನಬೇಕು. ಲಾಡಿಯ ಗಂಟು ಬಿಚ್ಚಿ, ಮೊನ್ನೆ ತಾನೆ ಅಟ್ಟಕ್ಕೆ ಹಾಕಿದ್ದ ರಾಶಿಯಿಂದ ಅಷ್ಟೇ ಗಾತ್ರದ ಕಾಯಿ ಹುಡುಕಿ, ಕಿವಿಗಿಟ್ಟು ನೀರು ಕುಳುಕುವುದನ್ನು ಖಾತ್ರಿ ಮಾಡಿಕೊಂಡು, ಅದಕ್ಕೆ ಲಾಡಿ ಕಟ್ಟಿ ಮೂಲೆಗಿಟ್ಟ. ಅಸಲು ಕಾಯಿಯನ್ನು ಟವಲಿನಲ್ಲಿ ಸುತ್ತಿಕೊಂಡು ಇಳಿದ. ಏಣಿಯ ಕೆಳಗೆ ಪುಟ್ಟಗಂಗಮ್ಮ ಪೊರಕೆ ಹಿಡಿದು ನಿಂತಿದ್ದಳು. ಮೂವತ್ತು ವರ್ಷದಿಂದ ಆ ಮನೆಯ ಅಡುಗೆ ಅವಳದು. ಅವನ ಕತೆಯೆಲ್ಲ ಗೊತ್ತಿದ್ದವಳು. ಟವಲನ್ನು ನೋಡಿದಳು, ಅವನ ಮುಖ ನೋಡಿದಳು.

"ಮೇಷ್ಟ್ರೇ, ನಿಮ್ಮನ್ನ ಕಚ್ಚೋಕೆ ಆ ಮಗೀಗೆ ಇನ್ನೂ ಕೋರೆಹಲ್ಲು ಸರಿಯಾಗಿ ಬಂದಿಲ್ಲ," ಎಂದಳು.

ಅವನು ಅವಳ ಅಪ್ಪ ಅಜ್ಜನನ್ನೆಲ್ಲ ಸೇರಿಸಿ ಬೈದು ರೂಮಿಗೆ ಹೋದ. ಬೈಗುಳದಲ್ಲಿ ಎಂದಿನ ಜೋರಿರಲಿಲ್ಲ.

ಸಂಜೆ ವರ್ಷಿಣಿ ಏಣಿ ಹತ್ತಿದಳು. ತೋಂಟದಾರ್ಯ ಏಣಿ ಹಿಡಿದುಕೊಂಡ. ಮೇಲೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕುಳುಕುಳು. ಮತ್ತೆ ಸದ್ದಿಲ್ಲ. ಮತ್ತೆ ಕುಳುಕುಳು, ಈ ಸಲ ನಿಧಾನವಾಗಿ. ಹುಡುಗಿ ಇಳಿದು ಬಂದಳು. ಅವನ ಮುಖ ನೋಡಿದಳು, ಕೈಕಾಲು ತೊಳೆಯಲು ಹೋದಳು. ಎಂದಿನಂತೆ ಉಂಡಳು. ತೋಂಟದಾರ್ಯ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಶನಿವಾರ ಬೆಳಿಗ್ಗೆ ಅವನು ಬಾವಿಕಟ್ಟೆಯ ಮೇಲೆ ಫೋನು ಹಿಡಿದು ನಿಂತಿದ್ದಾಗ ಅವಳು ಬಂದಳು. ಕೈಯಲ್ಲಿ ಲಾಡಿ ಕಟ್ಟಿದ ಕಾಯಿ. ಅದನ್ನು ಕಟ್ಟೆಯ ಮೇಲಿಟ್ಟು ಕೇಳಿದಳು.

"ತಾತ, ಬತ್ತೋದ ಕಾಯ್ಗೆ ಮತ್ತೆ ನೀರು ಬರ್ತದಾ?"

ತೋಂಟದಾರ್ಯ ಫೋನು ಜೇಬಿಗೆ ಹಾಕಿದ.

ಆಗ ಅವನಿಗೆ ಹೊಳೆಯಿತು ತಾನು ಮಾಡಿದ ದಡ್ಡತನ. ಅವನು ಕಾಯಿ ಬದಲಾಯಿಸುವಾಗ ಅವಳ ಕಾಯಿಯನ್ನು ನೋಡಿರಲಿಲ್ಲ, ತನ್ನ ಕಾಯಿಯನ್ನು ನೋಡಿದ್ದ. ಅವನ ಕಾಯಿ ಮೂರು ವರ್ಷ ಕುಳುಕುಳು ಅಂದಿತ್ತು, ಅದಕ್ಕೇ ನೀರಿನ ಕಾಯಿ ಹುಡುಕಿದ. ಇವಳ ಕಾಯಿ ಶಿವರಾತ್ರಿಗೇ ನೀರು ಬತ್ತಿ ಮೂಗಬಸವನಾಗಿತ್ತಂತೆ. ಪ್ರತಿ ವಾರ ಕಿವಿಗೊಟ್ಟವಳಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿರುತ್ತದೆ? ಅರವತ್ತು ವರ್ಷ ಕಾಯಿಯ ನಡುವೆಯೇ ಬದುಕಿದ ಮುದುಕ ಅಟ್ಟದ ಮೊದಲ ಪಾಠದಲ್ಲೇ ಫೇಲಾಗಿದ್ದ.

"ಇಲ್ಲ ಕಣವ್ವ," ಎಂದ. "ಬರಲ್ಲ."

"ಸೋಮವಾರವೇ ಲೊಡಲೊಡ ಅಂತು. ನಾನು ಯಾರ್ಗೂ ಹೇಳ್ಲಿಲ್ಲ."

"ಯಾಕವ್ವ?"

ಅವಳು ಲಾಡಿಯ ತುದಿ ಎಳೆಯುತ್ತ ಹೇಳಿದಳು, ಹೇಳಿದರೆ ಎಲ್ಲರೂ ಇನ್ನೂ ಬರಲಿಲ್ಲವಾ ಅಂತ ಕೇಳ್ತಾರೆ, ತಾತನೂ ಬೇಜಾರು ಮಾಡಿಕೊಳ್ತಾನೆ ಎಂದು. ಸೋಮವಾರ ಎಂದರೆ ಯುದ್ಧಕ್ಕೂ ಮುಂಚೆ. ಐದು ದಿನ ಆ ಸದ್ದನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಈ ಮಗು ರೊಟ್ಟಿ ತಿಂದಿದೆ, ಬಟ್ಟೆ ಒಗೆದಿದೆ, ಚಿಕ್ಕವರ ತಲೆ ಬಾಚಿದೆ. ತೋಂಟದಾರ್ಯನಿಗೆ ತನ್ನ ಮೇಲೆ ಬಂದ ಕೋಪಕ್ಕೆ ಬಾವಿಗೆ ಹಾರಿದರೂ ಸರಿಹೋಗುತ್ತಿರಲಿಲ್ಲ.

ಅವಳನ್ನು ಕೈ ಹಿಡಿದು ರೂಮಿಗೆ ಕರೆದುಕೊಂಡು ಹೋದ. ಟವಲು ಬಿಚ್ಚಿ ಅವಳ ಕಾಯಿಯನ್ನು ಅವಳ ಮಡಿಲಿಗಿಟ್ಟ. ಆಮೇಲೆ ಮಂಚದ ಕೆಳಗಿನ ಟ್ರಂಕು ಎಳೆದು, ತಳದಿಂದ ಇನ್ನೊಂದು ಕಾಯಿ ತೆಗೆದ. ಸಿಪ್ಪೆ ಬೂದಿಯ ಬಣ್ಣಕ್ಕೆ ತಿರುಗಿತ್ತು. ತೊಟ್ಟಿನ ಹತ್ತಿರ ಮೂರು ಗೀರು. ತಾನು ಏಳು ವರ್ಷದವನಾಗಿದ್ದಾಗ ಬಂದ ಯುದ್ಧದ ಕತೆಯನ್ನು ಮೊದಲಿಂದ ಕೊನೆಯ ತನಕ ಹೇಳಿದ, ಲಾರಿಯ ಚಿತ್ರವನ್ನೂ, ಮುಂಗೈ ಕಚ್ಚಿದ್ದನ್ನೂ ಬಿಡದೆ. ಅವಳು ಆ ಕಾಯಿ ಅಲ್ಲಾಡಿಸಿ ಕಿವಿಗೊಟ್ಟಳು. ಒಳಗೆ ಮರಳು ಸುರಿದಂಥ ಸಣ್ಣ ಸದ್ದು.

"ಏನೂ ಇಲ್ಲ ತಾತ ಇದ್ರಲ್ಲಿ. ಪುಡಿ."

"ಹೂಂ. ಪುಡಿಯೇ."

"ಕಚ್ಚಿದಾಗ ನಿಮ್ಮ ಮೇಷ್ಟ್ರು ಹೊಡೀಲಿಲ್ವಾ?"

"ಇಲ್ಲ. ಹೊಡೆದಿದ್ರೆ ಚೆನ್ನಾಗಿತ್ತು."

ಹುಡುಗಿ ಆ ಕಾಯಿಯನ್ನು ಅವನ ಕೈಗೆ ವಾಪಸು ಕೊಟ್ಟಳು. ಆಮೇಲೆ ನೇರ ಕೇಳಿದಳು. "ನಮ್ಮಪ್ಪಂಗೆ ಏನಾಗೈತೆ?"

"ನಂಗೆ ಗೊತ್ತಿಲ್ಲ ಕಣವ್ವ. ಶಿವನಾಣೆಗೂ ಗೊತ್ತಿಲ್ಲ. ಫೋನ್ ಹತ್ತುತಾ ಇಲ್ಲ. ಚೆನ್ನಾಗವ್ನೆ ಅಂತ ಹೇಳಿದ್ರೂ ಸುಳ್ಳು, ಇಲ್ಲ ಅಂತ ಹೇಳಿದ್ರೂ ಸುಳ್ಳು." ಅವನು ಟ್ರಂಕನ್ನು ಮಂಚದ ಕೆಳಗೆ ತಳ್ಳಿದ. "ಒಂದು ಮಾತು ಕೊಡ್ತೀನಿ. ಸುದ್ದಿ ಏನೇ ಬರ್ಲಿ, ಒಳ್ಳೇದೋ ಕೆಟ್ಟದ್ದೋ, ನಿಂಗಿಂತ ಮುಂಚೆ ನಾನು ಕೇಳಲ್ಲ. ಇಬ್ರೂ ಒಟ್ಟಿಗೇ ಕೇಳಾನ."

ಅವಳು ಅಂಗೈ ಚಾಚಿದಳು. ಅವನು ಅದರ ಮೇಲೆ ಕೈಯಿಟ್ಟ. ಅವಳ ಕೈಗೆ ಸಿಪ್ಪೆಯ ಧೂಳು ಮೆತ್ತಿತ್ತು.

ಅವತ್ತು ಸಂಜೆ ಗುಂಡು ನಿಲ್ಲಿಸಲು ಒಪ್ಪಿಗೆಯಾಯಿತೆಂದು ಸುದ್ದಿ ಬಂತು. ಪುಟ್ಟಗಂಗಮ್ಮ ಹಿಟ್ಟಿನ ಡಬ್ಬದಿಂದ ವೈರು ತೆಗೆಯಲೇ ಎಂದು ಕೇಳಿದಳು. ಇರಲಿ, ಇನ್ನೂ ನೆನೆಯಲಿ ಎಂದ. ಮಕ್ಕಳನ್ನೆಲ್ಲ ಅಂಗಳಕ್ಕೆ ಕರೆದು, ಗೋಣಿ ಹಾಸಿ, ಹೋದ ವರ್ಷದ ಕೊಬ್ಬರಿ ತಂದು ಸುರಿದ. ಏಳು ಮಕ್ಕಳೂ ಕರಟದ ಚೂರು ಆರಿಸುತ್ತ ಕೂತವು. ಯಾಕೆ ಎಂದು ಅವು ಕೇಳಲಿಲ್ಲ. ಇವನಿಗೆ ಸದಾಶಿವಯ್ಯನವರ ದನಿಯೊಂದು ಬನ್ರಲಾ ಬನ್ರಲಾ ಎಂದು ಕರೆದಂತಾಗಿತ್ತು, ಅಷ್ಟೇ. ಮಧುಶ್ರೀ ಜಿಡ್ಡಿನ ಕೈಯನ್ನು ಪಕ್ಕದ ಹುಡುಗಿಯ ತಲೆಗೆ ಒರೆಸಿ ಬೈಸಿಕೊಂಡಳು. ಎಣ್ಣೆಸ್ನಾನ ಉಳೀತು ಬುಡೇ ಎಂದು ತೋಂಟದಾರ್ಯ ಹೇಳಿದ. ಹೇಳಿದ ಮೇಲೆ ಅದು ಯಾರ ಮಾತು ಎಂದು ನೆನಪಾಗಿ ಮುಖ ತಿರುಗಿಸಿಕೊಂಡ.

ಭಾನುವಾರ ಹನ್ನೊಂದು ಗಂಟೆಯ ಹೊತ್ತಿಗೆ ಅವನು ತೋಟದಲ್ಲಿ ಬಿದ್ದ ಗರಿ ಎಳೆದು ಹಾಕುತ್ತಿದ್ದ. ಜೇಬಿನಲ್ಲಿ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಜ್ಞಾನೇಶ್‌ದಲ್ಲ. ಜ್ಞಾನೇಶ್‌ದಲ್ಲದ ನಂಬರು ಎಂದರೆ ಬೇರೆಯವರು ಮಾತಾಡುತ್ತಾರೆ. ಬೇರೆಯವರು ಮಾತಾಡುತ್ತಾರೆ ಎಂದರೆ.

ಒಂದು ಸಲ ಬಡಿಯಿತು, ಎರಡು ಸಲ ಬಡಿಯಿತು. ವರ್ಷಿಣಿ ದೂರದಲ್ಲಿ ತೊಟ್ಟಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು, ಬೆನ್ನು ಇತ್ತ ಕಡೆ. ಮರದ ಮರೆಗೆ ಹೋಗಿ ಒಂದು ಮಾತು ಕೇಳಿಬಿಟ್ಟರೆ ಅವಳಿಗೆ ಗೊತ್ತಾಗುವುದೇ ಇಲ್ಲ. ಕೆಟ್ಟದ್ದಾದರೆ ಅದನ್ನು ಸ್ವಲ್ಪ ಮೆದು ಮಾಡಿ, ಹೊತ್ತು ನೋಡಿ, ಉಂಡ ಮೇಲೆ ಹೇಳಬಹುದು. ಹೆಬ್ಬೆರಳು ಹಸಿರು ಗುಂಡಿಯ ಮೇಲೆ ಹೋಯಿತು. ಕೈಯಲ್ಲಿ ತಂತಿ ಹಿಡಿದು ಇದೇ ತೋಟದಲ್ಲಿ ಎಲ್ಲೋ ನಿಂತಿದ್ದ ಒಬ್ಬ ಮನುಷ್ಯ ಆಗ ಅವನಿಗೆ ಕಂಡ. ಆ ಮನುಷ್ಯನಿಗೆ ಆಗ ನಲವತ್ತೂ ತುಂಬಿರಲಿಲ್ಲ. ತೋಂಟದಾರ್ಯ ಆ ಮೇಷ್ಟ್ರನ್ನು ಐವತ್ತು ವರ್ಷ ಬೈದುಕೊಂಡು ಬಂದಿದ್ದ. ಆ ತಂತಿ ಎಷ್ಟು ಭಾರವಿತ್ತೆಂದು ಒಂದು ಸಲವೂ ಯೋಚಿಸಿರಲಿಲ್ಲ.

"ವರ್ಷಿಣೀ, ಬಾರೇ ಇಲ್ಲಿ," ಎಂದು ಕೂಗಿದ. ಎದೆ ಒಡೆಯುವ ಹಾಗೆ ಕೂಗಿದ.

ಅವಳು ಸೋಪಿನ ಕೈಯಲ್ಲೇ ಓಡಿ ಬಂದಳು. ಗರಿಯ ಮೇಲೆ ಇಬ್ಬರೂ ಕೂತರು. ಅವನು ಗುಂಡಿ ಒತ್ತಿ ಸ್ಪೀಕರ್ ಹಾಕಿ ಫೋನನ್ನು ನಡುವೆ ನೆಲದ ಮೇಲಿಟ್ಟ.

"ಹಲೋ, ತೋಂಟದಾರ್ಯ ಸರ್ ಏನ್ರಿ?" ಗಂಡು ದನಿ. ಬಡಗಣ ಸೀಮೆಯ ಮಾತು. "ನಾ ಜ್ಞಾನೇಶನ ಜೋಡಿ ಡ್ಯೂಟಿ ಮಾಡಾಂವ್ರಿ. ಬಾಗಲಕೋಟಿ ಕಡ್ಯಾಂವ. ಗಾಬರಿ ಆಗಬ್ಯಾಡ್ರಿ. ಅವಂಗ ಕಾಲಿಗೆ ಪೆಟ್ಟಾಗೇತಿ, ಆಪರೇಶನ್ ಆಗೇತಿ, ದವಾಖಾನ್ಯಾಗ ಅದಾನ. ಜೀವಕ್ಕೇನೂ ಇಲ್ಲ. ಮಗಳ ಮುಂದ ಹೇಳಬ್ಯಾಡ್ರಿ ಅಂತ ಹೇಳ್ಯಾನ್ರಿ, ರಜಾ ಸಿಕ್ಕಿಲ್ಲ ಅಂತಷ್ಟ ಹೇಳ್ರಿ ಅಂದ."

ತೋಂಟದಾರ್ಯ ಹುಡುಗಿಯ ಮುಖ ನೋಡಿದ. ಅದು ಬಿಳುಚಿಕೊಂಡಿತ್ತು, ಆದರೆ ಕಣ್ಣು ಫೋನಿನ ಮೇಲೇ ಇತ್ತು.

"ಮಗಳೇ ಕೇಳ್ತಾ ಕೂತವಳೆ ಕಣಪ್ಪ," ಎಂದ.

ವರ್ಷಿಣಿ ಫೋನಿನ ಹತ್ತಿರ ಬಗ್ಗಿದಳು.

"ಯಾವ ಕಾಲು?"

"ಎಡಗಾಲವ್ವಾ. ಮೊಣಕಾಲಿನ ಕೆಳಗ."

"ಕಾಲು ಐತಾ?"

"ಐತವ್ವಾ, ಐತಿ. ಖರೇ ಹೇಳತೇನಿ. ಕಬ್ಬಿಣದ ಸರಳು ಹಾಕ್ಯಾರ. ನಡ್ಯಾಕ ನಾಕೈದು ತಿಂಗಳ ಬೇಕಂತ. ನಾಳೆ ನಾಡದ ಅವನ ಕೈಲೇ ಫೋನ್ ಕೊಡಸ್ತೇನಿ."

"ಮಾಮಾ, ಕಾಯಿ ಲೊಡಲೊಡ ಅಂತಾ ಐತೆ ಅಂತ ಹೇಳಿ. ಅಷ್ಟು ಹೇಳಿದ್ರೆ ಗೊತ್ತಾಗುತ್ತೆ. ಆಮೇಲೆ, ನಂಗೆ ಎಲ್ಲಾ ಗೊತ್ತಾಗೈತೆ ಅಂತಾನೂ ಹೇಳಿ."

ಫೋನು ಆರಿದ ಮೇಲೆ ಅವಳು ತೋಂಟದಾರ್ಯನ ತೋಳಿಗೆ ಮುಖ ಒತ್ತಿ ಅತ್ತಳು. ಐದಾರು ದಿನದ್ದೆಲ್ಲ ಸೇರಿಸಿ ಅತ್ತಳು. ಅಂಗಿಯ ತೋಳು ಒದ್ದೆಯಾಯಿತು, ಸೋಪಿನದೋ ಕಣ್ಣೀರಿನದೋ. ಪುಟ್ಟಗಂಗಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ವಿಷಯ ಒಳ್ಳೆಯದೋ ಕೆಟ್ಟದೋ ತಿಳಿಯದೆ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅವನು ಕೈ ಎತ್ತಿ, ಅವನೆ, ಬದುಕವನೆ ಎಂದು ಸನ್ನೆ ಮಾಡಿದ.

ಸಂಜೆ ವರ್ಷಿಣಿ ತನ್ನ ಕಾಯಿ ತಂದಳು. ಮತ್ತೆ ಅಟ್ಟಕ್ಕಿಡಬೇಕಂತೆ. ಅಪ್ಪ ಬರಲು ದೀಪಾವಳಿಯಾಗುತ್ತದೆ, ಕೆಳಗಿದ್ದರೆ ಹುಳ ಬೀಳುತ್ತದೆ ಎಂದು ಅವಳ ಲೆಕ್ಕ. ಸರಿಯಾದ ಲೆಕ್ಕವೇ. ತೋಂಟದಾರ್ಯ ಬೂ‌ಟಿನ ಲಾಡಿಯನ್ನು ಬದಲಿ ಕಾಯಿಯಿಂದ ಬಿಚ್ಚಿ ಇದಕ್ಕೆ ಸುತ್ತಿ ಗಂಟು ಹಾಕಲು ಹೋದ.

"ಅಪ್ಪ ಹಿಂಗೆ ಹಾಕಲ್ಲ. ಮೊನ್ನೆನೂ ಹಿಂಗೇ ಹಾಕಿದ್ದೆ ನೀನು. ಕೊಡಿಲ್ಲಿ," ಎಂದು ಕಿತ್ತುಕೊಂಡು ತಾನೇ ಹಾಕಿದಳು. ಎರಡು ಮೆಟ್ಟಿಲು ಹತ್ತಿ ನಿಂತು, ತಿರುಗಿ ಕೈ ಚಾಚಿದಳು. "ನಿಂದೂ ಕೊಡು ತಾತ. ಪಕ್ಕದಲ್ಲಿ ಇಡ್ತೀನಿ."

ಪುಡಿಯಾದ ಕಾಯಿಯನ್ನು ಅಟ್ಟಕ್ಕೆ ಯಾರು ಹಾಕುತ್ತಾರೆ, ಬುದ್ಧಿ ಇದೆಯಾ ಎಂದು ತೋಂಟದಾರ್ಯ ಬೈದ. ಬೈಯುತ್ತಲೇ ರೂಮಿಗೆ ಹೋಗಿ ತಂದುಕೊಟ್ಟ. ಆಮೇಲೆ ಎರಡೂ ಕೈಯಲ್ಲಿ ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಮೇಲಿನಿಂದ ಸದ್ದು ಬರುವುದನ್ನೇ ಕಾಯುತ್ತ ನಿಂತ. ಮೊದಲು ಲೊಡಲೊಡ ಕೇಳಿಸಿತು. ಆಮೇಲೆ, ಬಹಳ ಕಿವಿಗೊಟ್ಟರೆ ಮಾತ್ರ ಕೇಳುವಷ್ಟು, ಮರಳು ಸುರಿದಂಥ ಆ ಇನ್ನೊಂದು ಸದ್ದು.